ಡೆಸ್ಕ್‌ಟಾಪ್ ಹೇಳಿದ್ದನ್ನು ರೈಟರ್ ಏಕೆ ಕೇಳಲಿಲ್ಲ? – ಒಂದು ಬೋಧನಾಭ್ಯಾಸದ ಪಾಠ

ತರಗತಿ: 9
ವಿಷಯ: ಕಂಪ್ಯೂಟರ್ ಶಿಕ್ಷಣ
ಅವಧಿ: 40 ನಿಮಿಷ
ಪಾಠಾಂಶ: ಲಿಬ್ರೆಆಫೀಸ್‌ನ ನೋಟವನ್ನು ಲಿನಕ್ಸ್ ಡೆಸ್ಕ್‌ಟಾಪ್‌ಗೆ ಹೊಂದಿಸುವುದು

ಕಲಿಕಾ ಉದ್ದೇಶಗಳು: ವಿದ್ಯಾರ್ಥಿಗಳು
1. ಕಿಟಕಿಯ ನೋಟಕ್ಕೂ ಕಡತದ ನೋಟಕ್ಕೂ ಇರುವ ವ್ಯತ್ಯಾಸ ಹೇಳುವರು.
2. ಎರಡು ಕಂಪ್ಯೂಟರ್‌ಗಳನ್ನು ಹೋಲಿಸಿ ತೊಂದರೆಯ ಕಾರಣ ಹುಡುಕುವರು.

ಹಿನ್ನೆಲೆ

ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ಉಬುಂಟು ಇತ್ತು. ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಾಣದ ಒಬ್ಬ ವಿದ್ಯಾರ್ಥಿನಿ ತನ್ನ ಸರದಿ ಬಂದಾಗಲೆಲ್ಲ ಮೌಸನ್ನು ಪಕ್ಕದವಳಿಗೆ ಕೊಡುತ್ತಿದ್ದಳು. ನಾನು ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಲಾರ್ಜ್ ಟೆಕ್ಸ್ಟ್’, ‘ಹೈ ಕಾಂಟ್ರಾಸ್ಟ್’ ಎರಡನ್ನೂ ಆನ್ ಮಾಡಿಕೊಟ್ಟೆ. ಕಡತಗಳ ಕಿಟಕಿ ಬದಲಾಯಿತು. ರೈಟರ್ ಮಾತ್ರ ಹಳೆಯ ಬೂದು ಬಣ್ಣದಲ್ಲಿ, ಸಣ್ಣ ಮೆನುವಿನೊಂದಿಗೆ ಹಾಗೇ ಇತ್ತು. “ಸಾರ್, ಇದಕ್ಕೆ ನೀವು ಹೇಳಿದ್ದು ಕೇಳಿಸ್ಲಿಲ್ವಾ?” ಎಂದಳು.

ನಾನು ಟೂಲ್ಸ್ – ಆಪ್ಶನ್ಸ್ – ವ್ಯೂಗೆ ಹೋಗಿ ಐಕಾನ್‌ಗಳನ್ನು ದೊಡ್ಡದು ಮಾಡಿದೆ. ಐಕಾನ್ ಬೆಳೆಯಿತು, ಮೆನುವಿನ ಅಕ್ಷರ ಬೆಳೆಯಲಿಲ್ಲ. ಹತ್ತು ನಿಮಿಷ ಹೋಯಿತು, ಅವಳು ಮತ್ತೆ ಮೌಸ್ ಬಿಟ್ಟುಕೊಟ್ಟಳು. ಮರುದಿನ ಆ ಪ್ರಶ್ನೆಯನ್ನೇ ಪಾಠ ಮಾಡಿಕೊಂಡೆ.

ಪ್ರಕ್ರಿಯೆ

ಅದೇ ಲ್ಯಾಬ್‌ನ ಇನ್ನೊಂದು ಕಂಪ್ಯೂಟರ್‌ನಲ್ಲಿ ರೈಟರ್ ಡೆಸ್ಕ್‌ಟಾಪ್‌ನಂತೆಯೇ ಬದಲಾಗುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು, “ಎರಡರಲ್ಲೂ ಹೆಲ್ಪ್ – ಅಬೌಟ್ ಲಿಬ್ರೆಆಫೀಸ್ ತೆರೆದು ವ್ಯತ್ಯಾಸ ಬರೆಯಿರಿ” ಎಂದೆ. ಆವೃತ್ತಿ ಒಂದೇ. ‘ವಿಸಿಎಲ್’ ಎಂಬ ಸಾಲಿನಲ್ಲಿ ಮಾತ್ರ ಒಂದರಲ್ಲಿ ‘ಜಿಟಿಕೆ3’, ಇನ್ನೊಂದರಲ್ಲಿ ‘ಎಕ್ಸ್11’ ಎಂದಿತ್ತು.

ಆಗ ವಿವರಿಸಿದೆ: ಲಿಬ್ರೆಆಫೀಸ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯಬೇಕು. ಅದಕ್ಕಾಗಿ ಮೆನು, ಗುಂಡಿಗಳನ್ನು ಬಿಡಿಸಲು ವಿಸಿಎಲ್ ಎಂಬ ತನ್ನದೇ ಪದರ ಇಟ್ಟುಕೊಂಡಿದೆ. ಆ ಪದರವನ್ನು ಡೆಸ್ಕ್‌ಟಾಪ್‌ಗೆ ಜೋಡಿಸಲು ಪ್ರತ್ಯೇಕ ಪ್ಲಗಿನ್ ಬೇಕು. ಗ್ನೋಮ್‌ಗೆ ಜಿಟಿಕೆ3, ಕೆಡಿಇಗೆ ಕೆಎಫ್5 ಅಥವಾ ಕೆಎಫ್6. ಪ್ಲಗಿನ್ ಇಲ್ಲದಿದ್ದರೆ ಅದು ತನ್ನ ಸಾದಾ ರೂಪದಲ್ಲಿ ತೆರೆದುಕೊಳ್ಳುತ್ತದೆ. ಸ್ವಿಚ್ ಹಾಕಿದ್ದೇವೆ, ದೀಪವೂ ಸರಿ ಇದೆ, ನಡುವೆ ತಂತಿಯೇ ಇಲ್ಲ!

ಕ್ರಮ ಹೀಗೆ:
1. ಸಿನಾಪ್ಟಿಕ್‌ನಲ್ಲಿ ‘ಲಿಬ್ರೆಆಫೀಸ್-ಜಿಟಿಕೆ3’ ಹುಡುಕಿ ಇನ್‌ಸ್ಟಾಲ್ ಮಾಡುವುದು. ಇದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಲ್ಯಾಬ್‌ನ ಶಿಕ್ಷಕರು ಹಾಕಿಕೊಟ್ಟರು.
2. ಲಿಬ್ರೆಆಫೀಸ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯುವುದು.
3. ಐಕಾನ್ ಶೈಲಿ, ಗಾತ್ರಗಳನ್ನು ‘ಆಟೊಮ್ಯಾಟಿಕ್’ಗೆ ಮರಳಿಸುವುದು. ಇಲ್ಲದಿದ್ದರೆ ನಾವು ಕೈಯಾರೆ ಇಟ್ಟ ಆಯ್ಕೆಯೇ ಉಳಿಯುತ್ತದೆ.
4. ಅಬೌಟ್‌ನಲ್ಲಿ ‘ಜಿಟಿಕೆ3’ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು.

ಮೆನು ದೊಡ್ಡದಾಯಿತು. ಒಬ್ಬ ಹುಡುಗ, “ಹಾಗಾದ್ರೆ ಪ್ರಿಂಟ್‌ನಲ್ಲೂ ಅಕ್ಷರ ದೊಡ್ಡದಾಗುತ್ತಾ ಸಾರ್?” ಎಂದು ಕೇಳಿದ. ಉತ್ತರ ಹೇಳದೆ ‘ಪ್ರಿಂಟ್ ಪ್ರಿವ್ಯೂ’ ನೋಡಲು ಹೇಳಿದೆ. 12 ಪಾಯಿಂಟ್ ಅಕ್ಷರ 12 ಆಗಿಯೇ ಇತ್ತು. ಡೆಸ್ಕ್‌ಟಾಪ್ ಬದಲಿಸುವುದು ಕಿಟಕಿಯನ್ನು, ಕಡತವನ್ನಲ್ಲ. ಪುಟದೊಳಗಿನ ಅಕ್ಷರ ಹಿಗ್ಗಿ ಕಾಣಲು ‘ಝೂಮ್’ ಬೇರೆಯಾಗಿ ಬೇಕು, ಅದೂ ಮುದ್ರಣವನ್ನು ಮುಟ್ಟುವುದಿಲ್ಲ.

ಮೌಲ್ಯಮಾಪನ
1. ಡೆಸ್ಕ್‌ಟಾಪ್‌ನ ಬದಲಾವಣೆ ರೈಟರ್‌ಗೆ ತಲುಪದಿದ್ದರೆ ಮೊದಲು ಎಲ್ಲಿ ನೋಡುವಿರಿ?
2. ಮೆನುವಿನ ಅಕ್ಷರ, ಪುಟದ ಅಕ್ಷರ – ಯಾವುದನ್ನು ಎಲ್ಲಿ ದೊಡ್ಡದು ಮಾಡುವಿರಿ?

ಆತ್ಮಾವಲೋಕನ

ಮೊದಲ ದಿನ ನಾನು ಲಕ್ಷಣಕ್ಕೆ ಮದ್ದು ಹುಡುಕಿದೆ, ಕಾರಣ ಹುಡುಕಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ಅಂಶ ಬೇರೆಯಿರುವ ಎರಡು ವ್ಯವಸ್ಥೆಗಳನ್ನು ಹೋಲಿಸುವುದನ್ನು ಮೂರು ವರ್ಷ ಕಲಿತವನಿಗೆ ಲ್ಯಾಬ್‌ನಲ್ಲಿ ಅದು ನೆನಪಾಗಲಿಲ್ಲ. ಇನ್ನೊಂದು ಲೋಪವೂ ಇದೆ. ಪಾಠಕ್ಕೆ ಮುಂಚೆ ಕಂಪ್ಯೂಟರ್ ಚಾಲೂ ಆಗುತ್ತದೆಯೇ ಎಂದಷ್ಟೇ ನೋಡಿದ್ದೆ. ಎಲ್ಲರಿಗೂ ಕಾಣುತ್ತದೆಯೇ ಎಂದು ನೋಡಿರಲಿಲ್ಲ. ಮುಂದಿನ ಪಾಠಯೋಜನೆಯ ಪೂರ್ವಸಿದ್ಧತೆಯಲ್ಲಿ ಆ ಸಾಲು ಸೇರಿಸಿದ್ದೇನೆ.

ಆ ದಿನ ಅವಳು ತನ್ನ ಹೆಸರು, ಊರು, ಶಾಲೆಯ ಹೆಸರನ್ನು ತಾನೇ ಟೈಪ್ ಮಾಡಿ, ತಾನೇ ಮೆನು ತೆರೆದು ಸೇವ್ ಮಾಡಿದಳು.