ಡೋರ್ಡೋನ್ ಕಣಿವೆಯಲ್ಲಿ ಒಂದು ವಾರ

ಇತಿಹಾಸವನ್ನು ಪುಸ್ತಕದಲ್ಲಿ ಓದುವುದು ಒಂದು ಬಗೆ. ನದಿಯ ದಂಡೆಯನ್ನು ಹಿಡಿದು ನಡೆಯುತ್ತ ಅರಿಯುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಫ್ರಾನ್ಸ್ ದೇಶದ ನೈಋತ್ಯದಲ್ಲಿರುವ ಡೋರ್ಡೋನ್ ಕಣಿವೆ ಉತ್ತಮ ನಿದರ್ಶನ. ಮಧ್ಯ ಫ್ರಾನ್ಸಿನ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಸುಮಾರು 480 ಕಿಲೋಮೀಟರು ಹರಿದು, ಬೋರ್ಡೋ ನಗರದ ಕೆಳಗೆ ಗರೋನ್ ನದಿಯನ್ನು ಕೂಡುತ್ತದೆ. ಮಕ್ಕಳೊಡನೆ ಬಂದ ಕುಟುಂಬವೊಂದು ಇದರ ನಡುಭಾಗದ ಹಳ್ಳಿಯೊಂದರಲ್ಲಿ ಒಂದು ವಾರ ತಂಗಿದರೆ ಏನನ್ನು ಕಲಿಯಬಹುದೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲೆರಡು ದಿನಗಳು ಉಪನದಿಯಾದ ವೆಜೇರ್‌ಗೆ ಮೀಸಲು. ಅದರ ದಡದಲ್ಲಿ, ಕ್ರೋಮಾನ್ಯೋನ್ ಎಂಬ ಬಂಡೆಯ ಆಸರೆಯಲ್ಲಿ, 1868ರಲ್ಲಿ ಪುರಾತನ ಮಾನವರ ಅಸ್ಥಿಪಂಜರಗಳು ದೊರೆತುವು. ಅದೇ ಕಣಿವೆಯ ಮೊಂತಿನ್ಯಾಕ್ ಊರಿನ ಬಳಿ, 1940ರ ಸೆಪ್ಟೆಂಬರಿನಲ್ಲಿ, ಹುಡುಗರ ಗುಂಪೊಂದು ನೆಲದ ಬಿಲದೊಳಕ್ಕೆ ಇಳಿದು ಲಾಸ್ಕೋ ಗವಿಯನ್ನು ಕಂಡಿತು. ಹದಿನೇಳು ಸಾವಿರ ವರ್ಷಗಳಷ್ಟಾದರೂ ಹಿಂದಿನ ಕುದುರೆ, ಜಿಂಕೆ, ಕಾಡುಗೂಳಿಗಳ ಚಿತ್ರಗಳು ಅದರ ಗೋಡೆಗಳ ಮೇಲಿದ್ದುವು. ಆದರೆ ಇಂದಿನ ಪ್ರವಾಸಿ ನೋಡುವುದು ಮೂಲವನ್ನಲ್ಲ, 2016ರಲ್ಲಿ ತೆರೆದ ಪೂರ್ಣ ಪ್ರತಿರೂಪವನ್ನು. ‘ನಿಜವಾದ ಗವಿಯನ್ನೇಕೆ ತೋರಿಸುವುದಿಲ್ಲ?’ ಎಂದು ಮಕ್ಕಳು ಕೇಳುವುದು ಸಹಜ. ಈ ಪ್ರಶ್ನೆ ನಮ್ಮ ನೆನಪಿನಲ್ಲಿರಲಿ.

ಮುಂದಿನ ದಿನಗಳಲ್ಲಿ ಮುಖ್ಯನದಿಯ ಕೋಟೆಗಳನ್ನು ನೋಡಬಹುದು. ಬೇನಾಕ್ ಒಂದು ದಡದಲ್ಲಿ, ಕಾಸ್ಟೆಲ್ನೋ ಎದುರು ದಡದಲ್ಲಿ ಬಂಡೆಗಳ ಮೇಲೆ ನಿಂತಿವೆ. ನೂರು ವರ್ಷಗಳ ಯುದ್ಧದಲ್ಲಿ (1337–1453) ಬೇನಾಕ್ ಫ್ರೆಂಚರ ಪಕ್ಷದಲ್ಲಿತ್ತು. ಕಾಸ್ಟೆಲ್ನೋ ಬಹುಕಾಲ ಇಂಗ್ಲಿಷರ ಕಡೆಗಿತ್ತು. ಅಂದರೆ ನದಿಯೇ ಇಲ್ಲಿ ಎರಡು ಪಕ್ಷಗಳ ಗಡಿಯಾಗಿತ್ತು. ಆ ಯುದ್ಧದ ಕೊನೆಯ ದೊಡ್ಡ ಕಾಳಗವೂ ಇದೇ ನದಿಯ ತೀರದ ಕಾಸ್ತಿಯೋನ್ ಎಂಬಲ್ಲಿ ನಡೆಯಿತು.

ಗಡಿಯಾಗಿದ್ದ ನದಿ ಹೆದ್ದಾರಿಯೂ ಆಗಿತ್ತು. ಮೇಲ್ನಾಡಿನ ಓಕ್ ಮರ, ದ್ರಾಕ್ಷಿಬಳ್ಳಿಯ ಆಸರೆಗೋಲು ಮುಂತಾದುವನ್ನು ಚಪ್ಪಟೆ ತಳದ ದೋಣಿಗಳಲ್ಲಿ ಕೆಳಗೆ ಸಾಗಿಸುತ್ತಿದ್ದರು. ಪ್ರವಾಹಕ್ಕೆ ಎದುರಾಗಿ ಮರಳುವುದು ದುಸ್ಸಾಧ್ಯವಾದುದರಿಂದ, ಎಷ್ಟೋ ದೋಣಿಗಳನ್ನು ಒಡೆದು ಮರವಾಗಿ ಮಾರಿ, ಅಂಬಿಗರು ಕಾಲ್ನಡಿಗೆಯಲ್ಲಿ ಊರಿಗೆ ಹಿಂತಿರುಗುತ್ತಿದ್ದರು. ರೈಲು ಬಂದ ಮೇಲೆ ಆ ಕಸಬು ಅಳಿಯಿತು.

ವಾರದ ಕೊನೆಗೆ ಸಾರ್ಲಾ ಪಟ್ಟಣ. ಇಲ್ಲಿ ಮಕ್ಕಳ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಲಾಸ್ಕೋ ಗವಿಯನ್ನು 1948ರಲ್ಲಿ ಸಾರ್ವಜನಿಕರಿಗೆ ತೆರೆದಾಗ ಜನ ಕಿಕ್ಕಿರಿದು ಬಂದರು. ಅವರ ಉಸಿರಿನ ತೇವ, ಮೈಶಾಖ, ಇಂಗಾಲಾಮ್ಲ ವಾಯುಗಳಿಂದ ಗೋಡೆಗಳ ಮೇಲೆ ಪಾಚಿಯೂ ಸುಣ್ಣದ ಪೊರೆಯೂ ಬೆಳೆಯತೊಡಗಿದುವು. ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ 1963ರಲ್ಲಿ ಗವಿಯನ್ನು ಮುಚ್ಚಿಸಿದರು. ಅದಕ್ಕೆ ಒಂದು ವರ್ಷ ಮೊದಲು ಅವರೇ ತಂದ ಕಾನೂನು, ಒಂಟಿ ಕಟ್ಟಡಗಳನ್ನಷ್ಟೇ ಅಲ್ಲದೆ ಹಳೆಯ ಕೇರಿಗಳನ್ನೇ ಒಟ್ಟಾಗಿ ರಕ್ಷಿಸುವ ದಾರಿಯನ್ನು ತೋರಿತು. ಅದರ ಫಲವನ್ನು ಮೊದಮೊದಲು ಪಡೆದ ಊರುಗಳಲ್ಲಿ ಸಾರ್ಲಾ ಒಂದು. ಅಲ್ಲಿನ ಹಳೆಯ ಕಲ್ಲುಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ. ಬೀದಿಗಳಲ್ಲಿ ಸಂತೆ ನೆರೆಯುತ್ತದೆ.

ಮನೆ ಉಳಿಯಬೇಕಾದರೆ ಅದರಲ್ಲಿ ಜನ ಬಾಳಬೇಕು. ಗವಿ ಉಳಿಯಬೇಕಾದರೆ ಜನ ಹೊರಗೆ ನಿಲ್ಲಬೇಕು. ಯಾವುದಕ್ಕೆ ಯಾವುದು ತಕ್ಕುದೆಂಬ ವಿವೇಕವೇ ಪರಂಪರೆಯ ರಕ್ಷಣೆ. ಪ್ರತಿರೂಪದ ಮುಂದೆ ನಿಂತ ಬಾಲಕನಿಗೆ ಇಷ್ಟು ತಿಳಿದರೆ, ಆತ ಮೂಲವನ್ನು ಕಾಣದೆ ಹೋದುದು ನಷ್ಟವಲ್ಲ. ಮುಂದಿನವರಿಗಾಗಿ ತನ್ನ ಪಾಲನ್ನು ಬಿಟ್ಟುಕೊಟ್ಟಂತೆ.