ಕಚೇರಿ ಗಣಕಯಂತ್ರದ ಸ್ಥಗಿತ ಮತ್ತು ಕಡತದ ಬೀಗ: ಸದಸ್ಯರ ತಿಳಿವಳಿಕೆಗಾಗಿ

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಗ್ರಾಮಸ್ಥರು ಪಂಚಾಯಿತಿ ಕಚೇರಿಗಳಲ್ಲಿ "ಸರ್ವರ್ ಇಲ್ಲ" ಎಂಬ ಉತ್ತರ ಪಡೆದು ಹಿಂದಿರುಗುವುದುಂಟು. ಈ ಒಂದು ಮಾತು ಎರಡು ಬೇರೆ ಸ್ಥಿತಿಗಳನ್ನು ಮರೆಮಾಡುತ್ತದೆ.

ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳ ದತ್ತಾಂಶವು ಪಂಚಾಯಿತಿಯ ಯಂತ್ರದಲ್ಲಿರುವುದಿಲ್ಲ. ಅದು ಅಂತರ್ಜಾಲದ ಮೂಲಕ ದೂರದ ಸರ್ವರಿನಿಂದ ಬರುತ್ತದೆ. ಅಲ್ಲಿ ತೊಡಕಾದಾಗ ಕಚೇರಿಯ ಯಂತ್ರವನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ಫಲವಿಲ್ಲ. ನಮೂನೆ 9ಕ್ಕಾಗಿ ಬಂದವರ ಅರ್ಜಿಯನ್ನು ಸ್ವೀಕರಿಸಿ, ಪರದೆಯ ಸಂದೇಶದ ಚಿತ್ರದೊಡನೆ ತಾಲ್ಲೂಕು ಪಂಚಾಯಿತಿಗೆ ವರದಿ ಮಾಡುವುದೇ ಸರಿಯಾದ ಕ್ರಮ.

ಕಚೇರಿಯಲ್ಲೇ ಇರಿಸಿಕೊಂಡ ನೀರಿನ ಕರದ ಪಟ್ಟಿಯಂತಹ ದತ್ತಸಂಚಯದ ವಿಷಯ ಹಾಗಲ್ಲ. ಬೇಡಿಕೆ ವಹಿಯ ಒಂದೇ ಪುಟದಲ್ಲಿ ಇಬ್ಬರು ಗುಮಾಸ್ತರು ಏಕಕಾಲಕ್ಕೆ ಬರೆದರೆ ಲೆಕ್ಕ ಕೆಡುತ್ತದೆ. ಆದ್ದರಿಂದ ತಂತ್ರಾಂಶವು ಬರೆಯುವಾಗ ಕಡತಕ್ಕೆ ಬೀಗ ಹಾಕಿ, ಮುಗಿದೊಡನೆ ತೆಗೆಯುತ್ತದೆ. ವಿದ್ಯುತ್ ಹೋಗಿ ಯಂತ್ರ ನಡುವೆಯೇ ಆರಿದರೆ ಬೀಗದ ಗುರುತಿನ ಸಣ್ಣ ಕಡತ ಹಾಗೆಯೇ ಉಳಿಯಬಹುದು. ವೈರಸ್ ನಿರೋಧಕ ಅಥವಾ ನಕಲು ತೆಗೆಯುವ ತಂತ್ರಾಂಶವೂ ಕಡತವನ್ನು ಹಿಡಿದುಕೊಂಡಿರಬಹುದು. ಆಗ ಉಳಿದವರೆಲ್ಲ ಸರದಿಯಲ್ಲಿ ನಿಲ್ಲುತ್ತಾರೆ, ಪರದೆ ಸ್ತಬ್ಧವಾಗುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಕಾಯುತ್ತಿರುತ್ತದೆ.

ಇಂತಹ ವೇಳೆ ಬಲವಂತವಾಗಿ ಆರಿಸುವಂತೆ ಗಣಕಯಂತ್ರ ನಿರ್ವಾಹಕರನ್ನು ಒತ್ತಾಯಿಸಬಾರದು. ಅರ್ಧ ಬರೆದ ದಾಖಲೆ ಹಾಳಾದರೆ ತೆರಿಗೆ ಕಟ್ಟಿದವರ ಹೆಸರೂ ಬಾಕಿದಾರರ ಪಟ್ಟಿಯಲ್ಲಿ ಉಳಿಯಬಹುದು. ಮೊದಲು ಎಲ್ಲರೂ ತಂತ್ರಾಂಶದಿಂದ ಹೊರಬರಬೇಕು. ತೆರೆಮರೆಯಲ್ಲಿ ಅದು ಇನ್ನೂ ನಡೆಯುತ್ತಿದೆಯೇ ಎಂಬುದನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಬೇಕು. ನಕಲು ತೆಗೆಯುವಿಕೆ ನಡೆದಿದ್ದರೆ ಮುಗಿಯುವವರೆಗೆ ಕಾಯಬೇಕು. ಅನಂತರ ದತ್ತಸಂಚಯದ ಸೇವೆಯನ್ನು ಕ್ರಮಬದ್ಧವಾಗಿ ನಿಲ್ಲಿಸಿ ಪುನಃ ಆರಂಭಿಸಬೇಕು. ಮೈ ಎಸ್‌ಕ್ಯುಎಲ್ ಇರುವಲ್ಲಿ, ಹಳೆಯ ಸೇವೆ ನಿಲ್ಲದೆ ಅದೇ ಕಡತಗಳ ಮೇಲೆ ಎರಡನೆಯದು ಆರಂಭವಾಗಲಾರದು. ದೋಷಗಳ ದಾಖಲೆಯಲ್ಲಿ ಬೀಗ ದೊರೆಯಲಿಲ್ಲವೆಂಬ ಸಂದೇಶವಿರುತ್ತದೆ. ಬೀಗದ ಕಡತವನ್ನು ಅಳಿಸುವುದು ಕೊನೆಯ ಮಾರ್ಗ. ಅದಕ್ಕೂ ಮುನ್ನ ಯಾರೂ ಬಳಸುತ್ತಿಲ್ಲವೆಂಬುದು ಖಚಿತವಾಗಬೇಕು, ಇಡೀ ಕಡತಕೋಶದ ಪ್ರತಿ ಬೇರೆಡೆ ಇರಬೇಕು.

ಸದಸ್ಯರ ಅಧಿಕಾರದಲ್ಲಿರುವುದು ಖರ್ಚಿನ ತೀರ್ಮಾನ. ಹೊಸ ಗಣಕಯಂತ್ರ ಬೇಕೆಂಬ ಠರಾವಿಗೆ ಮುನ್ನ ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆಂದು ವಿಚಾರಿಸುವುದು ಲೇಸು. ಸೇವೆಯನ್ನು ಸರಿಯಾಗಿ ನಿಲ್ಲಿಸುವಷ್ಟು ಹೊತ್ತು ಅದು ತಡೆಯಬೇಕು. ನಕಲು ತೆಗೆಯುವ ಕೆಲಸವನ್ನು ಜನರು ಬಂದು ಹೋಗುವ ಕಚೇರಿ ವೇಳೆಯ ಹೊರಗೆ ನಿಗದಿಪಡಿಸಲು ಯಾವ ಅನುದಾನವೂ ಬೇಕಿಲ್ಲ.