ಕುಡಿತ ನಿಂತ ಮನೆಯಲ್ಲಿ ನನ್ನ ಹೃದಯ

ಒಂದನೇ ಸಮುವೇಲ 25ನೇ ಅಧ್ಯಾಯ ತೆರೆಯಿರಿ.

ನಾಬಾಲನಿಗೆ 3000 ಕುರಿ, 1000 ಮೇಕೆ. ಆಸ್ತಿ ಇತ್ತು, ವಿವೇಕ ಇರಲಿಲ್ಲ. ದಾವೀದನ ಆಳುಗಳನ್ನು ಬೈದು ಕಳಿಸಿದ. ದಾವೀದ 400 ಜನರ ಜೊತೆ ಕತ್ತಿ ಕಟ್ಟಿಕೊಂಡು ಹೊರಟ. ಆಗ ಅಬೀಗೈಲ್ ಎದುರು ಬಂದು, "ನಮ್ಮ ಯಜಮಾನರಿಗೆ ಮೈ ಹುಷಾರಿಲ್ಲ" ಅಂದಳಾ? ಇಲ್ಲ. ಗಂಡ ಎಂಥವನು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮನೆಗೆ ಬಂದರೆ ಅವನು ಕುಡಿದು ಮತ್ತನಾಗಿದ್ದ. ಆ ರಾತ್ರಿ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಅಮಲಿಳಿದ ಮೇಲೆ ಎಲ್ಲಾ ಹೇಳಿದಳು. ರಾತ್ರಿ 11 ಗಂಟೆಗೆ ಕುಡಿದವರ ಹತ್ತಿರ ವಾದಕ್ಕೆ ನಿಲ್ಲುವ ಸಹೋದರಿಯರೇ, ಇದನ್ನು ಗುರುತು ಹಾಕಿಕೊಳ್ಳಿ.

ನಾವೇನು ಮಾಡ್ತೀವಿ? ಸೂಪರ್‌ವೈಸರ್‌ಗೆ ಫೋನ್ ಮಾಡಿ "ಅವರಿಗೆ ಜ್ವರ ಸಾರ್" ಅಂತೀವಿ. ಸಭೆಯಲ್ಲಿ ಕೇಳಿದರೆ "ಸ್ತೋತ್ರ ಪಾಸ್ಟರ್, ಚೆನ್ನಾಗಿದ್ದೀವಿ." ಹತ್ತು ವರ್ಷ ಹೊರಗೆ ಹೇಳಿದ ಸುಳ್ಳನ್ನು ಕೊನೆಗೆ ನಾವೇ ನಂಬುತ್ತೇವೆ.

ಈಗ ಅವರು ಬಿಟ್ಟಿದ್ದಾರೆ, ದೇವರಿಗೆ ಸ್ತೋತ್ರ. ಆದರೆ ಬಾಗಿಲಿಗೆ ಬಂದ ತಕ್ಷಣ ಬಾಯಿ ವಾಸನೆ ನೋಡ್ತೀರಿ, ಪ್ಯಾಂಟಿನ ಜೇಬು ತಡಕುತ್ತೀರಿ. ಯಾಕೆ ಅಂತ ನಿಮ್ಮನ್ನೇ ಕೇಳಿಕೊಂಡಿದ್ದೀರಾ?

ಅಮೆರಿಕದಲ್ಲಿ ಲೋಯಿಸ್ ಎಂಬ ಹೆಂಗಸಿದ್ದರು. 1918ರಲ್ಲಿ ಮದುವೆ, ಗಂಡ ಬಿಲ್ ಕುಡಿತ ನಿಲ್ಲಿಸಿದ್ದು 1934ರಲ್ಲಿ. ಸಂತೋಷ ಆಗಬೇಕಿತ್ತು, ಅಲ್ವಾ? ಒಂದು ದಿನ ಬಿಲ್ "ಕೂಟಕ್ಕೆ ಹೊತ್ತಾಯ್ತು" ಅಂದಾಗ ಆಕೆ ಶೂ ತೆಗೆದು ಅವರ ಮೇಲೆ ಎಸೆದುಬಿಟ್ಟರು! ಆಮೇಲೆ ಕೂತು ತಮ್ಮೊಳಗೆ ನೋಡಿಕೊಂಡರು. ಇಷ್ಟು ವರ್ಷ ನನ್ನ ಪ್ರೀತಿಯಿಂದ ಆಗದ್ದನ್ನು ಬೇರೆಯವರು ಮಾಡಿದರಲ್ಲಾ ಎಂಬ ನೋವು ಒಳಗಿತ್ತು. 1951ರಲ್ಲಿ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಶುರುಮಾಡಿದವರಲ್ಲಿ ಆಕೆಯೂ ಒಬ್ಬರು. ಬೆಂಗಳೂರಿನಲ್ಲೂ ಅದರ ಕೂಟಗಳಿವೆ. ಹೋದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

32ನೇ ಕೀರ್ತನೆಯಲ್ಲಿ ದಾವೀದನು ಬಾಯಿಮುಚ್ಚಿಕೊಂಡಿದ್ದಾಗ ಅವನ ಎಲುಬುಗಳೇ ಸವೆದವು. ಹಾಗಾಗಿ ಈ ವಾರ "ಕರ್ತನೇ, ಅವರನ್ನು ಬದಲಾಯಿಸು" ಎಂಬುದಕ್ಕೆ ಮುಂಚೆ "ನಾನು" ಅಂತ ಪ್ರಾರ್ಥನೆ ಶುರುಮಾಡಿ. ನನಗಿನ್ನೂ ಕೋಪ ಇದೆ. ಅವರು ಕುಡಿಯುವಾಗ ಮನೆಯ ಹಣವೆಲ್ಲಾ ನನ್ನ ಕೈಯಲ್ಲಿತ್ತು, ಈಗ ಬಿಟ್ಟುಕೊಡೋಕೆ ಮನಸ್ಸಿಲ್ಲ. ಇಂಥದ್ದನ್ನು ಹೇಳಿ, ಕರ್ತನು ಗಾಬರಿಯಾಗುವುದಿಲ್ಲ. ಆದರೆ "ನನ್ನಿಂದಲೇ ಅವರು ಕುಡಿದರು" ಅಂತ ಹೊತ್ತುಕೊಳ್ಳಬೇಡಿ, ಅದೂ ಸುಳ್ಳೇ.

ಹೊಡೆತ ಇರುವ ಮನೆಯಾದರೆ "ಸಹಿಸಿಕೊಳ್ತೀನಿ" ಅನ್ನುವುದನ್ನು ಪ್ರಾಮಾಣಿಕತೆ ಅಂದುಕೊಳ್ಳಬೇಡಿ. 181ಕ್ಕೆ ಫೋನ್ ಮಾಡಿ, ನಮಗೂ ತಿಳಿಸಿ. ಆರಾಧನೆ ಮುಗಿದ ಮೇಲೆ ಪಾಸ್ಟರಮ್ಮ ಹಿಂದಿನ ಕೋಣೆಯಲ್ಲಿ ಇರುತ್ತಾರೆ. ಹೇಳಿದ ಮಾತು ಅಲ್ಲಿಂದ ಹೊರಗೆ ಬರುವುದಿಲ್ಲ.